ಕೋರ್ಸಿಗಿಂತ ಮೊದಲು ಮಾರ್ಗದರ್ಶಕರು

ಧಾರವಾಡದ ಓದುಗರೇ,

2011ರ ಕ್ರಿಕೆಟ್ ವಿಶ್ವಕಪ್ ಗೆದ್ದ ಭಾರತ ತಂಡದೊಡನೆ ಮಾನಸಿಕ ತರಬೇತುದಾರ ಪ್ಯಾಡಿ ಅಪ್ಟನ್ ಮಾಡಿದ ಕೆಲಸದಿಂದ ಪ್ರೇರಿತರಾಗಿ, ಮನಶ್ಶಾಸ್ತ್ರದ ಎಂ.ಎ. ಮುಗಿಸಿ, ಈಗ ಕ್ರೀಡಾ ವಸತಿ ನಿಲಯವೊಂದರ ಮಕ್ಕಳೊಡನೆ ಕೆಲಸ ಆರಂಭಿಸಿರುವುದಾಗಿ ಬರೆದಿದ್ದೀರಿ. ಕ್ರೀಡಾ ಮನಶ್ಶಾಸ್ತ್ರದಲ್ಲಿ ಮುಂದೆ ಯಾವ ಕೋರ್ಸ್ ಮಾಡಬೇಕೆಂಬುದು ನಿಮ್ಮ ಪ್ರಶ್ನೆ. ಕೋರ್ಸಿಗಿಂತ ಮೊದಲು ನಿಮಗೊಬ್ಬ ಮಾರ್ಗದರ್ಶಕರು ಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಅಮೆರಿಕದ ಅನ್ವಯಿಕ ಕ್ರೀಡಾ ಮನಶ್ಶಾಸ್ತ್ರ ಸಂಘವು ತನ್ನ ಪ್ರಮಾಣಪತ್ರಕ್ಕೆ ಸ್ನಾತಕೋತ್ತರ ಪದವಿ ಮತ್ತು ಪರೀಕ್ಷೆಯ ಜೊತೆಗೆ, ಅನುಭವಿಗಳ ಮಾರ್ಗದರ್ಶನದಲ್ಲಿ ಮಾಡಿದ 400 ಗಂಟೆಗಳ ಕೆಲಸವನ್ನೂ ಕೇಳುತ್ತದೆ. ಬ್ರಿಟನ್ನಿನಲ್ಲಿ ನೋಂದಣಿಯಿಲ್ಲದವರು 'ಕ್ರೀಡಾ ಮತ್ತು ವ್ಯಾಯಾಮ ಮನಶ್ಶಾಸ್ತ್ರಜ್ಞ' ಎಂಬ ಹೆಸರು ಬಳಸುವಂತೆಯೇ ಇಲ್ಲ. ನಮ್ಮಲ್ಲಿ ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿಯಿದೆ. ಕ್ರೀಡೆಯ ಕಡೆ ಅಷ್ಟು ಗಟ್ಟಿಯಾದ ದಾರಿ ಇನ್ನೂ ಆಗಿಲ್ಲದಿರುವುದರಿಂದ, ಆ ಶಿಸ್ತನ್ನು ನೀವೇ ಹುಡುಕಿಕೊಂಡು ಹೋಗಬೇಕಾಗಿದೆ.

ಹೊಸಬರು ಸಾಮಾನ್ಯವಾಗಿ ಉಸಿರಾಟದ ಅಭ್ಯಾಸ, ಗುರಿ ನಿಗದಿ, ಆಟವನ್ನು ಮನಸ್ಸಿನಲ್ಲೇ ಚಿತ್ರಿಸಿಕೊಳ್ಳುವುದು ಇವನ್ನೆಲ್ಲ ಕಲಿತು ಬಂದು, ಎದುರಿಗೆ ಕುಳಿತವರಿಗೆ ತಕ್ಷಣ ಹೇಳಿಕೊಡಲು ಆತುರಪಡುತ್ತಾರೆ. ಆದರೆ ಹದಿನಾಲ್ಕರ ಹುಡುಗಿಯೊಬ್ಬಳು ನಿಮ್ಮ ಬಳಿ ಬಂದಿರುವುದು ಮನೆಯ ನೆನಪಿನಿಂದಲೋ, ಗಾಯ ವಾಸಿಯಾಗದಿದ್ದರೆ ನಿಲಯದಿಂದ ಕಳಿಸಿಬಿಡುತ್ತಾರೆಂಬ ಭಯದಿಂದಲೋ ಇರಬಹುದು. ಅದನ್ನು ಅವಳು ಹೇಳುವವರೆಗೆ ಕಾಯುವುದೇ ಕಷ್ಟದ ಕಲಿಕೆ. ಅವಳು ಹೇಳಿದ ಮೇಲೆ ಇನ್ನೂ ಕಷ್ಟ. ಆಯ್ಕೆಯ ಹಿಂದಿನ ದಿನ ಕೋಚ್ ಬಂದು, "ಈ ಹುಡುಗಿ ಒತ್ತಡ ತಡ್ಕೊಳ್ತಾಳಾ?" ಎಂದು ಕೇಳುತ್ತಾರೆ, ಅವರ ಉದ್ದೇಶ ಒಳ್ಳೆಯದೇ ಇರುತ್ತದೆ, ನಿಮ್ಮ ಸಂಬಳಕ್ಕೂ ಅವರ ಮಾತು ಬೇಕಿರುತ್ತದೆ. ಯಾವುದು ಗೋಪ್ಯ, ಯಾವುದನ್ನು ಕೋಚ್‌ಗೆ ತಿಳಿಸಲಾಗುವುದು, ಪ್ರಾಣಾಪಾಯದ ಸಂದರ್ಭದಲ್ಲಿ ಏನು ಮಾಡಲಾಗುವುದು ಎಂಬುದನ್ನು ಮಗು, ಪೋಷಕರು, ಕೋಚ್ ಮೂವರಿಗೂ ಮೊದಲ ದಿನವೇ ಹೇಳಿ ಬರೆದಿಟ್ಟಿದ್ದರೆ ಮಾತ್ರ ಆ ಕ್ಷಣ ನಿಮಗೆ ನಿಲ್ಲಲು ನೆಲವಿರುತ್ತದೆ. ಇಂಥ ಹೊತ್ತಿನಲ್ಲಿ ಫೋನ್ ಮಾಡಿ ಕೇಳಲು ಹಿರಿಯರೊಬ್ಬರಿರಬೇಕು ಎಂಬುದೇ ನನ್ನ ವಾದದ ಮೂಲ.

ಊಟ ಬಿಡುವುದು, ಖಿನ್ನತೆ, ಸಾಯುವ ಮಾತು ಕಂಡರೆ ಅದು ನಿಮ್ಮ ತರಬೇತಿಯ ಎಲ್ಲೆಯಾಚೆಗಿನದು. ನಿಮ್ಮೂರಿನಲ್ಲೇ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್ ಇದೆ. ಅಲ್ಲಿನ ತಜ್ಞರ ಪರಿಚಯವನ್ನು ಅಗತ್ಯ ಬೀಳುವ ಮೊದಲೇ ಮಾಡಿಕೊಳ್ಳಿ.

ಕೋರ್ಸಿಗೆಂದು ತೆಗೆದಿಟ್ಟ ಹಣದಲ್ಲಿ ಒಂದು ಪಾಲನ್ನು ಮಾರ್ಗದರ್ಶಕರ ಶುಲ್ಕಕ್ಕೆ ಮೀಸಲಿಡಿ. ಹದಿನೈದು ದಿನಕ್ಕೊಮ್ಮೆ, ಮಕ್ಕಳ ಹೆಸರು ತೆಗೆದ ಟಿಪ್ಪಣಿಗಳನ್ನು ಅವರ ಮುಂದಿಟ್ಟು ಚರ್ಚಿಸಿ. ಯಾವ ಕೋರ್ಸ್ ಎಂಬುದನ್ನು, ನೀವು ಎಲ್ಲೆಲ್ಲಿ ತಡವರಿಸುತ್ತೀರಿ ಎಂದು ಆ ಟಿಪ್ಪಣಿಗಳಿಂದ ತಿಳಿದ ಮೇಲೆ ನಿರ್ಧರಿಸಿ.

— ಸಂಪಾದಕ