ಹುಳು ಮನೆಯ ಕೆಲಸದ ನಡುವೆ ಸತ್ಯವೇದದ ಓದು

ಪ್ರಶ್ನೆ: ಅಯ್ಯನವರಿಗೆ ಕರ್ತನಲ್ಲಿ ವಂದನೆಗಳು. ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಹಿಪ್ಪುನೇರಳೆ ತೋಟವಿದೆ, ಒಂದು ಬೆಳೆಯ ಹಿಂದೆ ಇನ್ನೊಂದು ಬೆಳೆಯಂತೆ ರೇಷ್ಮೆ ಹುಳು ಸಾಕುತ್ತೇವೆ. ಒಂದು ವರ್ಷದಲ್ಲಿ ಸತ್ಯವೇದವನ್ನು ಪೂರ್ತಿ ಓದುವ ಪಟ್ಟಿಯನ್ನು ಜನವರಿಯಲ್ಲಿ ನಮ್ಮ ಸಭೆಯವರು ಕೊಟ್ಟರು. ನನ್ನ ಓದು ಯಾಜಕಕಾಂಡಕ್ಕೆ ಬಂದು ನಿಂತುಹೋಯಿತು. ಸ್ತ್ರೀಯರ ಕೂಟದಲ್ಲಿ ಎಷ್ಟು ಓದಿದಿರಿ ಎಂದು ಕೇಳಿದಾಗ ತಲೆ ತಗ್ಗಿಸುವಂತಾಗುತ್ತದೆ. ನಸುಕಿನಲ್ಲೇ ಎದ್ದು ಓದದವರಿಗೆ ಭಕ್ತಿ ಕಡಿಮೆ ಎಂದು ಒಬ್ಬರು ಹೇಳಿದ್ದು ಮನಸ್ಸಿಗೆ ನಾಟಿದೆ. ಬಿಟ್ಟುಹೋದ ಅಧ್ಯಾಯಗಳನ್ನು ಈಗ ಹೇಗೆ ಮುಗಿಸಲಿ?
(ಹೆಸರು ಬೇಡ), ಚಿಕ್ಕಬಳ್ಳಾಪುರ ಜಿಲ್ಲೆ

ಉತ್ತರ: ಸಹೋದರಿಯವರೇ, ವಂದನೆಗಳು. ನೀವು ಹಿಡಿದ ಪಟ್ಟಿ ಸುಲಭದ್ದಲ್ಲ. ಸತ್ಯವೇದದ 66 ಪುಸ್ತಕಗಳಲ್ಲಿ 1189 ಅಧ್ಯಾಯಗಳಿವೆ. ವರ್ಷದೊಳಗೆ ಮುಗಿಯಬೇಕಾದರೆ ದಿನವೂ ಮೂರರಿಂದ ನಾಲ್ಕು ಅಧ್ಯಾಯ ಓದಬೇಕು. ಇಂತಹ ಪಟ್ಟಿಗಳಲ್ಲಿ ಹೆಸರಾದ ಒಂದನ್ನು 1842ರಲ್ಲಿ ಸ್ಕಾಟ್ಲೆಂಡಿನ ಡಂಡೀ ಪಟ್ಟಣದ ಸಭಾಪಾಲಕರಾದ ರಾಬರ್ಟ್ ಮರ್ರೆ ಮೆಕ್‌ಚೇನ್ ಅವರು ತಮ್ಮ ಸಭೆಯವರಿಗಾಗಿ ಸಿದ್ಧಪಡಿಸಿದ್ದರು. ಅದರಿಂದ ಬಹಳ ಜನರಿಗೆ ಪ್ರಯೋಜನವಾಗಿದೆ. ಆದರೆ ಅದು ಒಬ್ಬ ಸಭಾಪಾಲಕರು ಮಾಡಿದ ಏರ್ಪಾಡು, ದೇವರ ಆಜ್ಞೆಯಲ್ಲ. ವಿಮೋಚನಕಾಂಡದ ಕಡೆಯ ಭಾಗದಲ್ಲಿ ದೇವದರ್ಶನದ ಗುಡಾರದ ಅಳತೆಗಳು, ಆಮೇಲೆ ಯಾಜಕಕಾಂಡದಲ್ಲಿ ಯಜ್ಞದ ನಿಯಮಗಳು ಬರುವ ಹೊತ್ತಿಗೆ ಓದು ಕುಂಟುವುದು ನಿಮ್ಮೊಬ್ಬರ ಅನುಭವವೂ ಅಲ್ಲ.

ನಸುಕಿನ ಮಾತನ್ನು ಮೊದಲು ತೀರಿಸಿಬಿಡುತ್ತೇನೆ. ಯೇಸುಸ್ವಾಮಿ ಇನ್ನೂ ಕತ್ತಲಿರುವಾಗಲೇ ಎದ್ದು ಅಡವಿಯ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದರೆಂದು ಮಾರ್ಕನ ಸುವಾರ್ತೆಯ ಮೊದಲನೆಯ ಅಧ್ಯಾಯದಲ್ಲಿದೆ. ದಾನಿಯೇಲನು ದಿನಕ್ಕೆ ಮೂರು ಸಾರಿ ಮೊಣಕಾಲೂರಿದನು. 63ನೆಯ ಕೀರ್ತನೆಯ ಭಕ್ತನು ಹಾಸಿಗೆಯಲ್ಲಿ ಮಲಗಿಕೊಂಡು ದೇವರನ್ನು ಸ್ಮರಿಸುತ್ತಾನೆ. ಹೊತ್ತನ್ನು ಎಲ್ಲರಿಗೂ ಒಂದೇ ಎಂದು ಗೊತ್ತುಮಾಡಿದ ವಚನವಿಲ್ಲ. ನಿಮ್ಮಂತಹ ಗೃಹಿಣಿಯರಿಗೆ ಮಾರ್ಥಳ ಉದಾಹರಣೆಯನ್ನು ಎತ್ತಿ ಆಡುವವರನ್ನೂ ನಾನು ಬಲ್ಲೆ. ಲೂಕನ ಸುವಾರ್ತೆಯಲ್ಲಿ ಮನೆಗೆಲಸದಿಂದ ಬೇಸತ್ತು, ಯೇಸುವಿನ ಮಾತು ಕೇಳುತ್ತಾ ಕೂತ ತಂಗಿಯ ಮೇಲೆ ದೂರಿದ ಆ ಮಾರ್ಥಳೇ ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯದಲ್ಲಿ, ತಮ್ಮನನ್ನು ಕಳೆದುಕೊಂಡ ದುಃಖದ ನಡುವೆ, ಯೇಸುವನ್ನು ಕ್ರಿಸ್ತನೆಂದೂ ದೇವಕುಮಾರನೆಂದೂ ಬಾಯಿಬಿಟ್ಟು ಅರಿಕೆಮಾಡಿದವಳು. ಅದನ್ನು ಮರೆತು ಅವಳ ಹೆಸರಿನಿಂದ ದುಡಿಯುವ ಹೆಣ್ಣುಮಕ್ಕಳನ್ನು ಚುಚ್ಚುವುದು ಸರಿಯಲ್ಲವೆಂದು ನನ್ನ ದೃಢವಾದ ಅಭಿಪ್ರಾಯ.

ಹಾಗೆಂದು ಓದನ್ನು ಭಾನುವಾರಕ್ಕೆ ಬಿಡಿ ಎಂದು ನಾನು ಹೇಳಲಾರೆ. ಬೆರೋಯ ಪಟ್ಟಣದವರು ಪ್ರತಿದಿನವೂ ಶಾಸ್ತ್ರವನ್ನು ಶೋಧಿಸುತ್ತಿದ್ದರೆಂದು ಅಪೊಸ್ತಲರ ಕೃತ್ಯಗಳಲ್ಲಿ ಮೆಚ್ಚಿ ಬರೆದಿದೆ. ದಿನವೂ ಓದಬೇಕು, ಎಷ್ಟು ಓದಬೇಕೆಂಬುದನ್ನು ಮಾತ್ರ ನಿಮ್ಮ ಬೆಳೆಯನ್ನು ನೋಡಿ ಗೊತ್ತುಮಾಡಿಕೊಳ್ಳಿ.

ನಿಮ್ಮ ಕಸುಬಿನಲ್ಲಿ ಎಲ್ಲ ದಿನಗಳೂ ಒಂದೇ ಸಮನಾಗಿರುವುದಿಲ್ಲ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಕಳಚುವಾಗ, ಸುಮಾರು ಒಂದು ದಿನ ಸೊಪ್ಪು ಮುಟ್ಟುವುದಿಲ್ಲ. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಯ ತಟ್ಟೆಗೆ ಬಿಟ್ಟ ಮೇಲೆ ಗೂಡು ಬಿಡಿಸುವ ತನಕ ಸೊಪ್ಪು ಕೊಯ್ಯುವ ಕೆಲಸವೇ ಇರುವುದಿಲ್ಲ. ಒಂದು ಪುಸ್ತಕವನ್ನು ಆರಂಭದಿಂದ ಕೊನೆಯವರೆಗೆ ಎಳೆ ತಪ್ಪದಂತೆ ಓದಲು ಇದೇ ತಕ್ಕ ಹೊತ್ತು. ರೂತಳ ಪುಸ್ತಕಕ್ಕೆ ನಾಲ್ಕೇ ಅಧ್ಯಾಯ. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಗೂ ನಾಲ್ಕು. ಪತ್ರಿಕೆಗಳೆಲ್ಲ ಒಂದೇ ಸಲಕ್ಕೆ ಕೂತು ಕೇಳಲೆಂದು ಬಂದ ಕಾಗದಗಳು, ಆದ್ದರಿಂದ ಬಿಡುವಿನ ಸಂಜೆ ಅವುಗಳಲ್ಲೊಂದನ್ನು ನಿಮ್ಮ ಅತ್ತೆಯವರಿಗೂ ಮಕ್ಕಳಿಗೂ ಕೇಳುವಂತೆ ಗಟ್ಟಿಯಾಗಿ ಓದಿದರೆ ಅದರ ಅರ್ಥ ಬೇರೆಯೇ ರೀತಿಯಲ್ಲಿ ತೆರೆದುಕೊಳ್ಳುತ್ತದೆ.

ಕಷ್ಟವಿರುವುದು ನಾಲ್ಕನೆಯ ಜ್ವರ ಎದ್ದ ಮೇಲಿನ ವಾರದಲ್ಲಿ. ಇಡೀ ಬೆಳೆಗೆ ಬೇಕಾದ ಸೊಪ್ಪಿನ ಬಹುಪಾಲನ್ನು ಹುಳು ಆ ಏಳೆಂಟು ದಿನಗಳಲ್ಲೇ ತಿನ್ನುವುದರಿಂದ ಮನೆಯವರಿಗೆ ನಿದ್ದೆಯೂ ಸರಿಯಾಗಿರುವುದಿಲ್ಲ. ಆ ವಾರಕ್ಕೆ ನಾನು ಸೂಚಿಸುವುದು ಕೀರ್ತನೆಗಳಲ್ಲಿ 120ರಿಂದ 134ರವರೆಗಿನ ಯಾತ್ರಾಗೀತೆಗಳನ್ನು. 132ನೆಯದೊಂದನ್ನು ಬಿಟ್ಟರೆ ಅವುಗಳಲ್ಲಿ ಯಾವುದರಲ್ಲೂ ಒಂಬತ್ತಕ್ಕಿಂತ ಹೆಚ್ಚು ವಚನಗಳಿಲ್ಲ. ಬೆಳಿಗ್ಗೆ ತೋಟಕ್ಕೆ ಹೊರಡುವ ಮುನ್ನ ಒಂದನ್ನು ಓದಿ, ಅದರ ಒಂದು ವಚನವನ್ನು ಬಾಯಿಪಾಠ ಮಾಡಿಕೊಂಡು, ಸೊಪ್ಪು ಕೊಯ್ಯುವಾಗ ಅದನ್ನೇ ಮನಸ್ಸಿನಲ್ಲಿ ತಿರುವಿಹಾಕಿ. 126ನೆಯದರಲ್ಲಿ ಅಳುತ್ತಾ ಬಿತ್ತುವವರಿದ್ದಾರೆ, ಹಾಡುತ್ತಾ ಸಿವುಡು ಹೊತ್ತು ಬರುವವರಿದ್ದಾರೆ. ಗೂಡಿನ ಬೆಲೆ ಬಿದ್ದ ವರ್ಷವನ್ನು ಕಂಡ ಮನೆಗೆ ಆ ಮಾತು ತಾನಾಗಿ ತಟ್ಟುತ್ತದೆ. 127ನೆಯದಂತೂ, ಕರ್ತನಿಲ್ಲದೆ ನಸುಕಿನಲ್ಲೆದ್ದು ಹೊತ್ತುಮೀರಿ ಮಲಗಿ ದುಡಿಯುವುದು ವ್ಯರ್ಥವೆಂದು ನೇರವಾಗಿ ಹೇಳುತ್ತದೆ. ಮೊಬೈಲಿನಲ್ಲಿ ಕನ್ನಡ ಸತ್ಯವೇದವನ್ನು ಕೇಳುವ ಅನುಕೂಲವೂ ಈಗ ಇದೆ. ಕೈ ಕೆಲಸದಲ್ಲಿರುವಾಗ ಅದು ಒಳ್ಳೆಯ ಸಹಾಯ. ಆದರೂ ಕಣ್ಣಿನಿಂದ ಓದಿ, ನಿಂತು, ಹಿಂದಿನ ಸಾಲಿಗೆ ಮರಳುವ ಓದಿನ ಬದಲಿಗೆ ಅದನ್ನು ಇಟ್ಟುಕೊಳ್ಳಬೇಡಿ.

ಅಧ್ಯಾಯ ಮುಗಿಯದೆ ಪುಸ್ತಕ ಮುಚ್ಚಬೇಕಾಯಿತೆಂದು ಕೊರಗುವುದೂ ಬೇಡ. ಅಧ್ಯಾಯಗಳ ವಿಂಗಡಣೆ ಆದದ್ದು 13ನೆಯ ಶತಮಾನದಲ್ಲಿ. ಹೊಸ ಒಡಂಬಡಿಕೆಯ ಈಗಿನ ವಚನಸಂಖ್ಯೆಗಳು ಬಂದದ್ದು 1551ರಲ್ಲಿ. ಅರ್ಥ ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಒಂದು ಗುರುತಿಟ್ಟು ನಿಲ್ಲಿಸಬಹುದು.

ಬಿಟ್ಟುಹೋದ ಅಧ್ಯಾಯಗಳನ್ನು ಈಗ ಮುಗಿಸಲು ಹೋಗಬೇಡಿ. ಸಾಲ ತೀರಿಸುವವರಂತೆ ದಿನಕ್ಕೆ ಹತ್ತು ಅಧ್ಯಾಯ ಓಡಿಸಿದರೆ ಕಣ್ಣು ಓದುತ್ತದೆ, ಮನಸ್ಸು ಓದುವುದಿಲ್ಲ. ಯಾಜಕಕಾಂಡವನ್ನು ಸದ್ಯಕ್ಕೆ ಅಲ್ಲಿಯೇ ಬಿಟ್ಟು, ಮುಂದಿನ ಬೆಳೆಯ ಚಾಕಿ ಹುಳು, ಅಂದರೆ ಎಳೆಯ ಹುಳು, ಮನೆಗೆ ಬಂದ ದಿನ ಮಾರ್ಕನ ಸುವಾರ್ತೆಯನ್ನು ಆರಂಭಿಸಿ. ಅದರ 16 ಅಧ್ಯಾಯಗಳಿಗೆ ಒಂದು ಬೆಳೆ ಸಾಕು, ಸಾಲದಿದ್ದರೆ ಎರಡಾಗಲಿ. ಅದನ್ನು ಮುಗಿಸಿದ ಮೇಲೆ ಇಬ್ರಿಯರಿಗೆ ಬರೆದ ಪತ್ರಿಕೆಯನ್ನು ಓದಿ, ಆಮೇಲೆ ಯಾಜಕಕಾಂಡಕ್ಕೆ ಮರಳಿದರೆ ಆ ಯಜ್ಞಗಳು ಯಾರ ಕಡೆಗೆ ಬೆರಳು ತೋರಿಸುತ್ತವೆಂಬುದು ನಿಮಗೆ ಕಾಣುತ್ತದೆ. ಸ್ತ್ರೀಯರ ಕೂಟದಲ್ಲಿ ಎಷ್ಟಾಯಿತೆಂದು ಕೇಳಿದಾಗ, ಪಟ್ಟಿಯನ್ನು ಬಿಟ್ಟು ಮಾರ್ಕನ ಸುವಾರ್ತೆ ಓದುತ್ತಿರುವುದಾಗಿ ಸಂಕೋಚಪಡದೆ ತಿಳಿಸಿ, ಆ ವಾರ ಓದಿದ್ದರಲ್ಲಿ ಮನಸ್ಸಿಗೆ ಬಂದ ಒಂದು ವಚನವನ್ನು ಅವರಿಗೆ ಓದಿ ಹೇಳಿ. ಅಲ್ಲಿ ಹುಳು ಸಾಕುವ ಇತರ ಸಹೋದರಿಯರೂ ಇರಬಹುದು. ಒಂದೇ ಪುಸ್ತಕವನ್ನು ಅವರೊಂದಿಗೆ ಸೇರಿ ಓದಲು ಸಾಧ್ಯವೇ ಎಂದು ವಿಚಾರಿಸಿ ನೋಡಿ.