ಅಗ್ಗದ ಮಾಲೆಲ್ಲ ಡಂಪಿಂಗ್ ಅಲ್ಲ: ಉದ್ಯಮಬಾಗದ ಓದುಗರಿಗೆ ಸಂಪಾದಕರ ಉತ್ತರ

ಬೆಳಗಾವಿಯ ಉದ್ಯಮಬಾಗದಿಂದ ಫೌಂಡ್ರಿ (ಎರಕದ ಕಾರ್ಖಾನೆ) ಮಾಲೀಕರೊಬ್ಬರು ಬರೆದಿದ್ದಾರೆ: "ಹೈಡ್ರಾಲಿಕ್ ಪಂಪಿನ ಬಾಡಿ ಕಾಸ್ಟಿಂಗ್ ನಮ್ಮ ಮುಖ್ಯ ಮಾಲು. ಪುಣೆಯ ಗಿರಾಕಿ ಈಗ ಚೀನಾದ ಕಾಸ್ಟಿಂಗ್ ತರಿಸುತ್ತಿದ್ದಾರೆ. ಆ ದರಕ್ಕೆ ನಮಗೆ ಪಿಗ್ ಐರನ್, ಸ್ಕ್ರ್ಯಾಪ್, ಕರೆಂಟಿನ ಖರ್ಚೂ ಹುಟ್ಟುವುದಿಲ್ಲ. ಪುಣೆಯ ವ್ಯಾಪಾರಿಯ ಬಿಲ್ಲಿನ ನಕಲು ಲಗತ್ತಿಸಿದ್ದೇನೆ. ಇದು ಡಂಪಿಂಗ್ ಅಲ್ಲವೇ? ದೊಡ್ಡ ಉಕ್ಕು ಕಾರ್ಖಾನೆಯವರು ಕೇಳಿದರೆ ಸುಂಕ ಬೀಳುತ್ತದೆ. ನಾವು ಮೂರು ಫೌಂಡ್ರಿಯವರು ಸೇರಿ ಸಂಸದರಿಗೆ ಮನವಿ ಕೊಟ್ಟು ಎಂಟು ತಿಂಗಳಾಯಿತು, ಏನೂ ಆಗಿಲ್ಲ. ನಮ್ಮಂಥವರಿಗೆ ದಾರಿ ಇದೆಯೇ?"

ದಾರಿ ಇದೆ. ಆದರೆ ಅದು ಮನವಿಪತ್ರದಿಂದ ಶುರುವಾಗುವುದಿಲ್ಲ, ನಿಮ್ಮ ಖರ್ಚಿನ ಲೆಕ್ಕದ ವಹಿಯಿಂದ ಶುರುವಾಗುತ್ತದೆ. ಎಂಟು ತಿಂಗಳು ಕಾದದ್ದಕ್ಕೆ ಫಲ ಸಿಗದಿರುವುದು ಯಾರೋ ನಿಮ್ಮನ್ನು ಕಡೆಗಣಿಸಿದ್ದಕ್ಕಲ್ಲ. ಸಂಸದರಿಗೆ ಕೊಟ್ಟ ಮನವಿಯಿಂದ ತನಿಖೆಯ ಗಡಿಯಾರ ಓಡುವುದಿಲ್ಲ. ಅದು ಓಡಬೇಕಾದರೆ ವಾಣಿಜ್ಯ ಸಚಿವಾಲಯದ ಅಡಿಯ ವಾಣಿಜ್ಯ ಪರಿಹಾರಗಳ ಮಹಾನಿರ್ದೇಶನಾಲಯಕ್ಕೆ, ಅಂದರೆ ಎಲ್ಲರೂ ಡಿಜಿಟಿಆರ್ ಎನ್ನುವ ಕಚೇರಿಗೆ, ನಿಗದಿತ ನಮೂನೆಯಲ್ಲಿ ಅರ್ಜಿ ಹೋಗಬೇಕು.

ಮೊದಲು ನಿಮ್ಮ ಮೂಲ ಪ್ರಶ್ನೆ. ಮಾಲು ನಿಮ್ಮ ಖರ್ಚಿಗಿಂತ ಅಗ್ಗವಾಗಿದೆ ಎಂದ ಮಾತ್ರಕ್ಕೆ ಅದು ಡಂಪಿಂಗ್ ಆಗುವುದಿಲ್ಲ. 1975ರ ಕಸ್ಟಮ್ಸ್ ಸುಂಕ ಕಾಯ್ದೆಯ 9ಎ ಕಲಮು ಹೋಲಿಸುವುದು ಚೀನಾದ ದರವನ್ನು ಚೀನಾದ ದರದೊಂದಿಗೇ. ಆ ಕಾರ್ಖಾನೆ ತನ್ನ ಊರಲ್ಲಿ ಮಾರುವ ದರ ಒಂದು ಕಡೆ, ನಮಗೆ ರಫ್ತು ಮಾಡುವ ದರ ಇನ್ನೊಂದು ಕಡೆ; ಎರಡನ್ನೂ ಕಾರ್ಖಾನೆ ಬಾಗಿಲಿಗೆ ತಂದು ನಿಲ್ಲಿಸಿ ನೋಡಬೇಕು. ರಫ್ತಿನ ದರ ಕಡಿಮೆ ಇದ್ದರೆ ಆ ಅಂತರವೇ ಡಂಪಿಂಗ್ ಪ್ರಮಾಣ. ಅದು ರಫ್ತು ದರದ ಶೇ 2ಕ್ಕಿಂತ ಕಡಿಮೆಯಾದರೆ ತನಿಖೆ ಅಲ್ಲಿಗೇ ಮುಗಿಯುತ್ತದೆ. ಚೀನಾದ ವಿಷಯದಲ್ಲಿ ಅಲ್ಲಿಯ ಒಳದರವನ್ನು ಅಧಿಕಾರಿಗಳು ನೇರವಾಗಿ ಒಪ್ಪುವುದು ಕಡಿಮೆ. ತನ್ನ ದರ, ಖರ್ಚು ಮಾರುಕಟ್ಟೆಯಿಂದಲೇ ನಿರ್ಧಾರವಾಗುತ್ತವೆ ಎಂದು ರಫ್ತುದಾರನೇ ಸಾಬೀತು ಮಾಡಬೇಕು, ಇಲ್ಲವಾದರೆ ಬೇರೆ ಆಧಾರದಿಂದ ಲೆಕ್ಕ ಕಟ್ಟುತ್ತಾರೆ. ಸರ್ಕಾರದ ಸಬ್ಸಿಡಿಯಿಂದ ಅಗ್ಗವಾದ ಮಾಲಿಗೆ 9ನೇ ಕಲಮಿನ ಪ್ರತಿತೂಕದ ಸುಂಕವಿದೆ. ಆಮದು ಏಕಾಏಕಿ ಉಕ್ಕಿ ಬಂದಾಗ 8ಬಿ ಕಲಮಿನ ರಕ್ಷಣಾ ಸುಂಕ. 2025ರ ಏಪ್ರಿಲ್ 21ರಿಂದ 200 ದಿನ ಚಪ್ಪಟೆ ಉಕ್ಕಿನ ಮೇಲೆ ಶೇ 12 ಬಿದ್ದದ್ದು ಈ ಕೊನೆಯದು. ಅದಕ್ಕೂ ಡಂಪಿಂಗಿಗೂ ಸಂಬಂಧವಿಲ್ಲ, ಹಾಗಾಗಿ ಅದನ್ನು ನಿಮ್ಮ ಅರ್ಜಿಗೆ ಮಾದರಿಯಾಗಿ ಇಟ್ಟುಕೊಳ್ಳಬೇಡಿ.

ನಿಮಗೆ ಹತ್ತಿರದ ಮಾದರಿ ಬೇರೆ ಇದೆ. ಗಾಳಿಯಂತ್ರಗಳಿಗೆ ಹೋಗುವ ಚೀನಾದ ಕಾಸ್ಟಿಂಗುಗಳ ಮೇಲೆ ಭಾರತ 2016ರಲ್ಲಿ ಪ್ರತಿತೂಕದ ಸುಂಕ, 2017ರಲ್ಲಿ ಆ್ಯಂಟಿ ಡಂಪಿಂಗ್ ಸುಂಕ ಹಾಕಿತು. ಆ ಅರ್ಜಿ "ಎಲ್ಲ ಕಾಸ್ಟಿಂಗ್" ಎಂದು ಕೇಳಲಿಲ್ಲ, ಗಾಳಿಯಂತ್ರದ ಕಾಸ್ಟಿಂಗ್ ಎಂದು ಬೇಲಿ ಹಾಕಿಕೊಂಡಿತು. ನೀವೂ ಹಾಗೇ ಮಾಡಬೇಕು.

ಈಗ ನೀವು ಕಳಿಸಿದ ಬಿಲ್ಲು ನೋಡೋಣ. ಅದರಲ್ಲಿ ಎಚ್‌ಎಸ್ ಕೋಡ್ (ಕಸ್ಟಮ್ಸ್‌ನವರು ಸರಕನ್ನು ವಿಂಗಡಿಸುವ ಸಂಖ್ಯೆ) 8413 91 ಎಂದಿದೆ, ಅಂದರೆ ಪಂಪಿನ ಬಿಡಿಭಾಗ. ಪತ್ರದ ಇನ್ನೊಂದು ಕಡೆ ನೀವು 7325 ಎಂಬ ಕೋಡಿನ ಆಮದು ಅಂಕಿ ಬರೆದಿದ್ದೀರಿ. ಅದು ಬೇರೆಡೆ ಸೇರದ ಎರಕದ ವಸ್ತುಗಳ ಶೀರ್ಷಿಕೆ; ನಿಮ್ಮ ಮಾಲು ಅಲ್ಲಿ ಬರುವುದೇ ಇಲ್ಲ. ಇತ್ತ 8413 91ರಲ್ಲಿ ಇಂಪೆಲ್ಲರ್, ಶಾಫ್ಟ್, ಪ್ಲಾಸ್ಟಿಕ್ ಭಾಗಗಳೆಲ್ಲ ಒಂದೇ ಬುಟ್ಟಿಯಲ್ಲಿವೆ. ಹೀಗಾಗಿ ಒಟ್ಟು ಅಂಕಿ ಉಪಯೋಗಕ್ಕೆ ಬಾರದು. ಕೋಲ್ಕತ್ತದಲ್ಲಿರುವ ಕೇಂದ್ರದ ವಾಣಿಜ್ಯ ಅಂಕಿಅಂಶ ಕಚೇರಿ ಡಿಜಿಸಿಐಎಸ್‌ನಿಂದ ಒಂದೊಂದು ಆಮದಿನ ವಿವರವಿರುವ ದತ್ತಾಂಶ ಪಡೆದು, ಸರಕಿನ ವರ್ಣನೆ ಓದಿ ನಿಮ್ಮ ಮಾಲಿನ ಸಾಲುಗಳನ್ನು ಹೆಕ್ಕಿ ತೆಗೆಯಬೇಕು. ಬಿಲ್ಲಿನಲ್ಲಿ ದರ ಪೀಸಿನ ಲೆಕ್ಕದಲ್ಲಿದೆ, ತೂಕ ಇಲ್ಲ, ಗ್ರೇಡ್ ಇಲ್ಲ, ಮಷಿನಿಂಗ್ ಆಗಿದೆಯೋ ಇಲ್ಲವೋ ಗೊತ್ತಿಲ್ಲ. ಎಫ್‌ಜಿ 260 ಗ್ರೇ ಐರನ್ನಿನ ಒರಟು ಬಾಡಿಯನ್ನು ಎಸ್‌ಜಿ 500/7 ಎಂಬ ಬೇರೆ ಗ್ರೇಡಿನ, ಬೋರಿಂಗ್ ಮುಗಿದ ಬಾಡಿಯ ಪಕ್ಕದಲ್ಲಿಟ್ಟರೆ ಎದುರು ವಕೀಲರು ಮೊದಲ ವಿಚಾರಣೆಯಲ್ಲೇ ಹರಿದು ಹಾಕುತ್ತಾರೆ. ಇನ್ನೊಂದು ಮಾತು: ನೀವು ಹೋಲಿಸಿರುವುದು ವ್ಯಾಪಾರಿ ಪುಣೆಯಲ್ಲಿ ಮಾರಿದ ದರ, ಅದೂ ಜಿಎಸ್‌ಟಿ ಕೂಡಿಸಿ. ತನಿಖೆಗೆ ಬೇಕಾದದ್ದು ಬಂದರಿಗೆ ಬಂದಿಳಿದ ದರ: ಸಿಐಎಫ್ ಮೌಲ್ಯಕ್ಕೆ (ಮಾಲಿನ ಬೆಲೆ, ವಿಮೆ, ಹಡಗಿನ ಬಾಡಿಗೆ ಸೇರಿದ ಮೊತ್ತಕ್ಕೆ) ಮೂಲ ಆಮದು ಸುಂಕ ಕೂಡಿಸಿದ್ದು. ಜಿಎಸ್‌ಟಿ ಅದರಲ್ಲಿ ಸೇರುವುದಿಲ್ಲ.

ಮೂರು ಫೌಂಡ್ರಿ ಸಾಲುವುದೇ? ಅರ್ಜಿಯನ್ನು ಬೆಂಬಲಿಸುವವರ ಕೈಯಲ್ಲಿ ದೇಶದ ಒಟ್ಟು ಉತ್ಪಾದನೆಯ ಶೇ 25 ಇರಲೇಬೇಕು. ಜೊತೆಗೆ ಪರ–ವಿರೋಧ ಹೇಳಿದವರ ಉತ್ಪಾದನೆ ಕೂಡಿಸಿದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪರವಾಗಿರಬೇಕು. ಇಲ್ಲಿ ಒಟ್ಟು ಉತ್ಪಾದನೆ ಎಂದರೆ ಇಡೀ ಎರಕದ ಉದ್ಯಮದ್ದಲ್ಲ, ನೀವು ಬೇಲಿ ಹಾಕಿಕೊಂಡ ಆ ಮಾಲಿನದ್ದು. ಬೇಲಿ ಕಿರಿದಾದಷ್ಟೂ ಶೇ 25 ಮುಟ್ಟುವುದು ಸುಲಭ. ಆದರೂ ಕೊಲ್ಹಾಪುರ, ಕೊಯಮತ್ತೂರು, ರಾಜ್‌ಕೋಟ್‌ನವರನ್ನು ಬಿಟ್ಟು ಇದು ಆಗದು. ಸ್ವಂತ ಫೌಂಡ್ರಿ ಇಟ್ಟುಕೊಂಡು ತಮ್ಮ ಪಂಪಿಗೆ ತಾವೇ ಎರಕ ಹೊಯ್ಯುವ ಕಂಪನಿಗಳ ಉತ್ಪಾದನೆಯನ್ನೂ ಮರೆಯುವಂತಿಲ್ಲ. ನಿಮ್ಮ ಗುಂಪಿನಲ್ಲಿ ಯಾರಾದರೂ ತಾವೇ ಚೀನಾದ ಬಾಡಿ ತರಿಸಿ ಮಾರುತ್ತಿದ್ದರೆ ಅವರನ್ನು ದೇಶೀ ಉದ್ಯಮದ ಲೆಕ್ಕದಿಂದ ಹೊರಗಿಡುವ ಅಧಿಕಾರ ತನಿಖಾಧಿಕಾರಿಗಿದೆ, ಇದನ್ನು ಮೊದಲೇ ಮುಖಕ್ಕೆ ಮುಖ ಕೇಳಿಕೊಳ್ಳಿ. ನಿಮ್ಮಂಥ ಚದುರಿದ ಉದ್ಯಮಗಳ ಪರವಾಗಿ ಸಂಘವೇ ಅರ್ಜಿ ಹಾಕಲು, ಕೆಲವು ಘಟಕಗಳ ವಿವರವನ್ನು ಮಾದರಿಯಾಗಿ ಕೊಡಲು ಅವಕಾಶವಿದೆ. ಮರಳು ಶುದ್ಧೀಕರಣಕ್ಕಾಗಿ ಕ್ಲಸ್ಟರ್ ಕಟ್ಟಿಕೊಂಡ ಊರು ಬೆಳಗಾವಿ. ಅದೇ ಒಗ್ಗಟ್ಟು ಇಲ್ಲೂ ಬರಲಿ ಎಂಬುದು ನಮ್ಮ ಮನಃಪೂರ್ವಕ ಆಸೆ.

ಈಗ ಅಸಲು ಗಂಟು. ಡಂಪಿಂಗ್ ಸಾಬೀತಾದರೂ ಸುಂಕ ಅಷ್ಟೇ ಪ್ರಮಾಣದಲ್ಲಿ ಬೀಳುವುದಿಲ್ಲ. ನಿಮಗಾದ ಹಾನಿಯ ಅಂತರ ಎಷ್ಟು ಎಂದು ಬೇರೆ ಲೆಕ್ಕ ಮಾಡಿ, ಎರಡರಲ್ಲಿ ಕಡಿಮೆಯದನ್ನು ಹಾಕುತ್ತಾರೆ. ತಿಳಿಯಲೆಂದು ಕಿಲೋ ಲೆಕ್ಕದಲ್ಲಿ ಒಂದು ಉದಾಹರಣೆ, ಅಂಕಿಗಳು ಊಹೆಯವು. ಚೀನಾದ ಒಳದರ 130 ರೂಪಾಯಿ. ಸಿಐಎಫ್ 112, ಅದರಲ್ಲಿ ಹಡಗಿನ ಬಾಡಿಗೆ, ವಿಮೆ, ಬಂದರು ಖರ್ಚು, ಕಮಿಷನ್ ಕಳೆದರೆ ಕಾರ್ಖಾನೆ ಬಾಗಿಲಿನ ದರ 104. ಡಂಪಿಂಗ್ 26 ರೂಪಾಯಿ. ಸುಂಕ ಕೂಡಿ ಬಂದಿಳಿದ ದರ 121. ಇತ್ತ ನಿಮಗೆ ಹಾನಿಯಾಗದ ದರ 137 ಎಂದು ಅಧಿಕಾರಿ ನಿಗದಿ ಮಾಡಿದರೆ ಹಾನಿಯ ಅಂತರ 16. ಸುಂಕವೂ 16. ಆದರೆ ನಿಮ್ಮ ವಹಿಗಳು ಅರೆಬರೆಯಾಗಿದ್ದು ಆ ದರ 119ಕ್ಕೆ ನಿಂತರೆ? ಡಂಪಿಂಗ್ 26 ಇದ್ದರೂ ಸುಂಕ ಸೊನ್ನೆ. ಎಷ್ಟೋ ಅರ್ಜಿಗಳು ಸೊರಗುವುದು ಇಲ್ಲೇ.

ಈ ಹಾನಿಯಾಗದ ದರವನ್ನು ಹೇಗೆ ಕಟ್ಟುತ್ತಾರೆ ಎಂಬುದು 1995ರ ಆ್ಯಂಟಿ ಡಂಪಿಂಗ್ ನಿಯಮಗಳ ಮೂರನೇ ಅನುಬಂಧದಲ್ಲಿದೆ. ಒಂದು ಪೀಸನ್ನೇ ಕೈಗೆತ್ತಿಕೊಳ್ಳಿ. ಬಾಡಿಯ ತೂಕ 8 ಕಿಲೋ. ರನ್ನರ್, ರೈಸರ್ (ಅಚ್ಚಿಗೆ ಲೋಹ ಹರಿಸುವ, ತುಂಬಿಸುವ ದಾರಿಗಳಲ್ಲಿ ಗಟ್ಟಿಯಾಗಿ ಉಳಿಯುವ ಲೋಹ) ಸೇರಿ ಹೊಯ್ಯುವ ಲೋಹದಲ್ಲಿ ಮಾಲಾಗಿ ಬರುವುದು ಶೇ 62 ಎಂದರೆ 12.9 ಕಿಲೋ ಹೊಯ್ಯಬೇಕು. ನೂರಕ್ಕೆ ಆರು ಪೀಸು ರಿಜೆಕ್ಟ್ ಆದರೆ ಒಂದು ಒಳ್ಳೆಯ ಪೀಸಿಗೆ ಕರಗಿಸಿದ್ದು 13.7 ಕಿಲೋ. ಇಂಡಕ್ಷನ್ ಫರ್ನೇಸ್ ಟನ್ನಿಗೆ 600 ಯುನಿಟ್ ತಿಂದರೆ ಆ ಪೀಸಿನ ಕರೆಂಟು ಸುಮಾರು 8.2 ಯುನಿಟ್. ಆದರೆ ಹೆಚ್ಚಿನ ಫೌಂಡ್ರಿಗಳ ಕಾಸ್ಟ್ ಶೀಟಿನಲ್ಲಿ 8 ಕಿಲೋಗೆ ಗುಣಿಸಿ 4.8 ಯುನಿಟ್ ಎಂದು ಬರೆದಿರುತ್ತಾರೆ. ರನ್ನರ್, ರೈಸರ್ ಮತ್ತೆ ಫರ್ನೇಸಿಗೆ ಹೋಗುತ್ತವೆ, ನಿಜ. ಲೋಹ ವಾಪಸು ಬರುತ್ತದೆ, ಕರೆಂಟು ಬರುವುದಿಲ್ಲ. ಹೀಗೆ ತಾವೇ ತಮ್ಮ ಖರ್ಚನ್ನು ತಗ್ಗಿಸಿ ಬರೆದು ಆಮೇಲೆ ಹಾನಿಯಾಯಿತು ಎಂದರೆ ಯಾರು ನಂಬಬೇಕು?

ಹಾಗೆಂದು ಏರಿಸಿ ಬರೆಯಲೂ ಬರುವುದಿಲ್ಲ. ಕಚ್ಚಾ ಸಾಮಗ್ರಿ, ಕರೆಂಟಿನ ಬಳಕೆಯಲ್ಲಿ ತನಿಖೆಯ ಅವಧಿ (ಯಾವ ತಿಂಗಳುಗಳ ಅಂಕಿಯನ್ನು ತನಿಖೆಗೆ ಹಿಡಿಯುತ್ತಾರೋ ಅದು) ಮತ್ತು ಹಿಂದಿನ ಮೂರು ವರ್ಷಗಳ ಪೈಕಿ ನಿಮ್ಮ ಅತ್ಯುತ್ತಮ ವರ್ಷದ ಪ್ರಮಾಣವನ್ನೇ ಹಿಡಿಯುತ್ತಾರೆ. ಉತ್ಪಾದನಾ ಸಾಮರ್ಥ್ಯದ ಬಳಕೆಯಲ್ಲೂ ಅದೇ ನೀತಿ. ರಿಜೆಕ್ಷನ್ ಒಂದು ವರ್ಷ ಶೇ 4 ಇದ್ದದ್ದು ಈಗ 9 ಆಗಿದ್ದರೆ ಆ ಹೆಚ್ಚಳದ ಭಾರವನ್ನು ಚೀನಾದ ತಲೆಗೆ ಕಟ್ಟಲಾಗದು. ಮಾಲು ಗಿರಾಕಿಗೆ ಮುಟ್ಟಿಸುವ ಲಾರಿ ಬಾಡಿಗೆ, ಕಮಿಷನ್, ರಿಯಾಯಿತಿ ಈ ಲೆಕ್ಕದಲ್ಲಿ ಬರುವುದಿಲ್ಲ. ತೊಡಗಿಸಿದ ಬಂಡವಾಳದ ಮೇಲೆ ತೆರಿಗೆಗೆ ಮುಂಚಿನ ಶೇ 22 ಪ್ರತಿಫಲ ಕೂಡಿಸುತ್ತಾರೆ. ಕೇಳಲು ದೊಡ್ಡದು, ಆದರೆ ಬಂಡವಾಳ ಎಂದರೆ ಸವಕಳಿ ಕಳೆದು ವಹಿಯಲ್ಲಿ ಉಳಿದ ಬೆಲೆ ಮತ್ತು ದುಡಿಯುವ ಬಂಡವಾಳ ಮಾತ್ರ. ಇಪ್ಪತ್ತು ವರ್ಷದ ಫರ್ನೇಸಿನ ವಹಿಬೆಲೆ ಹೆಚ್ಚುಕಡಿಮೆ ತೀರಿಹೋಗಿರುತ್ತದೆ. ಹೊಸದಾಗಿ ಬೆಲೆ ಕಟ್ಟಿಸಿದರೂ ಅದನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಅದಕ್ಕೇ ಅರ್ಜಿಗೆ ವಿವರ ಕೊಡುವ ಘಟಕಗಳಲ್ಲಿ ಇತ್ತೀಚೆಗೆ ಹಣ ಹಾಕಿ ಯಂತ್ರ ಕೂಡಿಸಿದವರೂ ಇರಬೇಕು.

ಉಳಿದ ಹಾದಿ ಹೀಗಿದೆ. ತನಿಖೆಯ ಅವಧಿ ಸಾಮಾನ್ಯವಾಗಿ 12 ತಿಂಗಳು. ತನಿಖೆ ಶುರುವಾಗುವ ದಿನಕ್ಕೆ ಅದು ಮುಗಿದು ಆರು ತಿಂಗಳು ದಾಟಿರಬಾರದು. ಮಾರ್ಚ್‌ವರೆಗಿನ ಅಂಕಿ ಇಟ್ಟುಕೊಂಡು ದಸರೆಯವರೆಗೆ ಸಹಿ ಸಂಗ್ರಹಿಸುತ್ತ ಕೂತರೆ ಎಲ್ಲವನ್ನೂ ಹೊಸದಾಗಿ ಬರೆಯಬೇಕಾಗುತ್ತದೆ. ಅರ್ಜಿಗೆ ಎರಡು ಪ್ರತಿ: ಒಂದು ಗೋಪ್ಯ, ಇನ್ನೊಂದು ಎದುರು ಪಕ್ಷದವರು ಓದುವಂಥದ್ದು. ಎರಡನೆಯದರಲ್ಲಿ ರೂಪಾಯಿ ಮುಚ್ಚಿ, ಮೊದಲ ವರ್ಷವನ್ನು 100 ಎಂದಿಟ್ಟು ಸೂಚ್ಯಂಕ ಕೊಡಬೇಕು. ಖಾಲಿ ಬಿಟ್ಟರೆ ತಕರಾರು ಖಚಿತ. ಹಾನಿ ಆಮದಿನಿಂದಲೇ ಆಯಿತು ಎಂದು ತೋರಿಸುವುದೂ ನಿಮ್ಮ ಹೊಣೆ. ಬೇಡಿಕೆಯ ಕುಸಿತ, ಕರೆಂಟಿನ ತೊಂದರೆ, ಗಿರಾಕಿ ಬಿಟ್ಟುಹೋದ ಬೇರೆ ಕಾರಣಗಳನ್ನು ಬೇರ್ಪಡಿಸಿಡಿ. ನಿಮಗೆ ಕೈತಪ್ಪಿದ ಆರ್ಡರುಗಳ ಇಮೇಲುಗಳಲ್ಲಿ ಗಿರಾಕಿ ಚೀನಾದ ದರ ಬರೆದು ಇಳಿಸಿ ಎಂದು ಕೇಳಿದ್ದರೆ ಅವು ಚಿನ್ನ, ಅಳಿಸಬೇಡಿ. ತನಿಖೆಯವರು ಕಾರ್ಖಾನೆಗೆ ಬಂದು ಹೀಟ್ ಬುಕ್ (ಪ್ರತಿ ಸಲ ಲೋಹ ಕರಗಿಸಿದ್ದರ ದಾಖಲೆ), ವಿದ್ಯುತ್ ಬಿಲ್ಲು, ಗೇಟ್ ಪಾಸುಗಳನ್ನು ತಾಳೆ ನೋಡಬಹುದು. ಅಂತಿಮ ವರದಿಗೆ ಒಂದು ವರ್ಷ, ಬೇಕಾದರೆ ಇನ್ನಾರು ತಿಂಗಳು. ಡಿಜಿಟಿಆರ್ ಶಿಫಾರಸು ಮಾತ್ರ ಮಾಡುತ್ತದೆ. ಮೂರು ತಿಂಗಳೊಳಗೆ ನಿರ್ಧರಿಸುವುದು ಹಣಕಾಸು ಸಚಿವಾಲಯ. ಶಿಫಾರಸಾದ ಸುಂಕವೆಲ್ಲ ಜಾರಿಯಾಗುವುದಿಲ್ಲ. ಜಾರಿಯಾದದ್ದೂ ಐದು ವರ್ಷ ಉಳಿದೇ ಉಳಿಯುತ್ತದೆ ಎಂದಲ್ಲ: ಚೀನಾದ ಸ್ಟೇನ್‌ಲೆಸ್ ಉಕ್ಕಿನ ಮೇಲೆ 2017ರಲ್ಲಿ ಶೇ 18.95ರಂತೆ ಬಂದ ಪ್ರತಿತೂಕದ ಸುಂಕವನ್ನು ಲೋಹದ ದರ ಏರಿದೆ ಎಂಬ ಕಾರಣಕ್ಕೆ 2021ರಲ್ಲಿ ಅಮಾನತಿನಲ್ಲಿಟ್ಟು, 2022ರ ಬಜೆಟ್ಟಿನಲ್ಲಿ ತೆಗೆದೇ ಹಾಕಿದರು.

ನೀವು ಕೇಳದ ಒಂದು ಮಾತನ್ನೂ ಹೇಳಲೇಬೇಕು. ಇದೇ ಕಾನೂನು ನಿಮ್ಮ ಕಚ್ಚಾ ಸಾಮಗ್ರಿಯ ಮೇಲೂ ಬೀಳುತ್ತದೆ. 2016ರ ನವೆಂಬರಿನಲ್ಲಿ ಮೆಟಲರ್ಜಿಕಲ್ ಕೋಕ್ (ಕಲ್ಲಿದ್ದಲಿನಿಂದ ಮಾಡುವ ಕುಲುಮೆಯ ಇಂಧನ) ಮೇಲೆ ಚೀನಾದ ಮಾಲಿಗೆ ಟನ್ನಿಗೆ 25.20 ಡಾಲರ್, ಆಸ್ಟ್ರೇಲಿಯಾದ ಮಾಲಿಗೆ 16.29 ಡಾಲರ್ ಸುಂಕ ಬಂತು. 2025ರ ಜನವರಿ 1ರಿಂದ ಕಡಿಮೆ ಬೂದಿಯ ಕೋಕ್ ಆಮದಿಗೆ ದೇಶವಾರು ಕೋಟಾ ಬಂತು. ಇನ್ನೂ ಕ್ಯುಪೋಲಾ ಎಂಬ ಕೋಕ್ ಕುಲುಮೆ ಉರಿಸುವವರಿಗೆ ಇದರ ಬಿಸಿ ಗೊತ್ತು. ಇಂಥ ತನಿಖೆಯ ಅಧಿಸೂಚನೆ ಬಂದಾಗ ಬಳಕೆದಾರ ಉದ್ಯಮವಾಗಿ ಹೆಸರು ನೋಂದಾಯಿಸಿ, ಟನ್ ಎರಕಕ್ಕೆ ಎಷ್ಟು ಕಿಲೋ ಕೋಕ್, ಅದು ಒಟ್ಟು ಖರ್ಚಿನ ಎಷ್ಟು ಪಾಲು ಎಂದು ಗಡುವಿನೊಳಗೆ ಬರೆದು ಕೊಡುವ ಹಕ್ಕು ನಿಮಗಿದೆ. ಗಡುವು ತಪ್ಪಿದ ಮೇಲೆ ಪತ್ರಿಕಾಗೋಷ್ಠಿ ಮಾಡಿ ಫಲವಿಲ್ಲ.

ಅಮೆರಿಕಕ್ಕೆ ಕಾಸ್ಟಿಂಗ್ ಕಳಿಸುವ ನಮ್ಮೂರಿನವರಿಗೂ ಇದು ಅನ್ವಯ. ಭಾರತದ ಕಬ್ಬಿಣದ ಕಾಸ್ಟಿಂಗುಗಳ ಮೇಲೆ ಅಮೆರಿಕ 1980ರಲ್ಲೇ ಪ್ರತಿತೂಕದ ಸುಂಕ ಹಾಕಿತ್ತು. ನಮ್ಮಲ್ಲಿ ಪ್ರೋತ್ಸಾಹ ಎನ್ನುವ ಡ್ಯೂಟಿ ಡ್ರಾಬ್ಯಾಕ್, ಇಪಿಸಿಜಿ, 2021ರಿಂದ ಬಂದ ರೋಡ್‌ಟೆಪ್ ಎಂಬ ರಫ್ತು ಯೋಜನೆಗಳನ್ನು ಅವರು ಸಬ್ಸಿಡಿಯೆಂದೇ ನೋಡುತ್ತಾರೆ. ಅಲ್ಲಿಂದ ಪ್ರಮಾಣ ಮತ್ತು ಮೌಲ್ಯ ಕೇಳುವ ಪ್ರಶ್ನಾವಳಿ ಬಂದರೆ ಸಣ್ಣ ಕಾಗದವೆಂದು ಬದಿಗಿಡಬೇಡಿ. ಉತ್ತರಿಸದವರಿಗೆ ಸಿಗುವುದು ಇದ್ದುದರಲ್ಲೇ ಕಠಿಣ ದರ. ಇಂಥ ಹೊತ್ತಿನಲ್ಲಿ ರಫ್ತುದಾರರಿಗೆ ನೆರವಾಗಲು ಡಿಜಿಟಿಆರ್‌ನಲ್ಲೇ ಒಂದು ವಿಭಾಗವಿದೆ.

ನಿಮ್ಮ ಮಟ್ಟಿಗೆ ಮುಂದಿನ ಹೆಜ್ಜೆ ಇದು. ಬರುವ ಏಪ್ರಿಲ್ 1ರಿಂದ ಪಂಪಿನ ಬಾಡಿ ಕಾಸ್ಟಿಂಗಿಗೆಂದೇ ಪ್ರತ್ಯೇಕ ಕಾಸ್ಟ್ ಶೀಟ್ ತೆರೆಯಿರಿ: ಹೊಯ್ದ ತೂಕ, ಒಳ್ಳೆಯ ಪೀಸಿನ ತೂಕ, ರಿಜೆಕ್ಷನ್, ಹೀಟಿಗೆ ಯುನಿಟ್, ಪ್ರತಿ ಗ್ರೇಡಿನ ಮಾರಾಟ ದರ, ತಿಂಗಳ ಕೊನೆಯ ದಾಸ್ತಾನು. ಹಿಂದಿನ ಮೂರು ವರ್ಷಗಳದ್ದನ್ನು ಹೀಟ್ ಬುಕ್ಕಿನಿಂದ ಹೆಕ್ಕಿ ಒಬ್ಬ ಕಾಸ್ಟ್ ಅಕೌಂಟೆಂಟ್ ಕೈಯಲ್ಲಿ ದೃಢೀಕರಿಸಿ. ಉಳಿದ ಇಬ್ಬರು ಫೌಂಡ್ರಿಯವರಿಗೂ ಇದೇ ಹಾಳೆ ಕೊಡಿ, ಕೊಲ್ಹಾಪುರದವರಿಗೂ ಒಂದು ಪ್ರತಿ ಕಳಿಸಿ. ಆ ಬಿಲ್ಲಿನ ಮಾಲಿನ ಒಂದು ಪೀಸು ಎಲ್ಲಾದರೂ ಸಿಕ್ಕರೆ ಕೊಂಡು, ತೂಗಿಸಿ, ಗ್ರೇಡ್ ಪರೀಕ್ಷೆ ಮಾಡಿಸಿ ವರದಿಯನ್ನು ಫೈಲಿನಲ್ಲಿಡಿ.

— ಸಂಪಾದಕ