ಚೆನ್ನಮ್ಮ ಅಂದರೆ ಚಿನ್ನದಂಥ ಅಮ್ಮನಾ?

ಪ್ರಶ್ನೆ: ನಮ್ಮದು ಧಾರವಾಡದ ಕಡೆ, ಈಗ ಪುಣೆಯಲ್ಲಿದ್ದೇವೆ. ಮಗಳಿಗೆ ನನ್ನ ಅಜ್ಜಿಯ ಹೆಸರು ಚೆನ್ನಮ್ಮ ಅಂತಲೇ ಇಡುವ ಆಸೆ. ಒಂದು ವೆಬ್‌ಸೈಟಿನಲ್ಲಿ ‘ಚಿನ್ನದಂಥ ತಾಯಿ’ ಅಂತ ಅರ್ಥ ಕೊಟ್ಟಿದ್ದಾರೆ. ಕಿತ್ತೂರು ರಾಣಿಯಿಂದ ಬಂದ ಹೆಸರು ಅಂತಾರೆ ನಮ್ಮ ಅತ್ತೆ. ಲಿಂಗಾಯತರು ಮಾತ್ರ ಇಡೋದು ಅಂತಾರೆ ಗೆಳತಿ. ಯಾವುದು ಸರಿ?

ಉತ್ತರ: ಮೊದಲು ಚಿನ್ನವನ್ನು ಪಕ್ಕಕ್ಕಿಡೋಣ. ಈ ಹೆಸರಿಗೂ ಬಂಗಾರಕ್ಕೂ ಸಂಬಂಧವಿಲ್ಲ. ‘ಚೆನ್ನ’ ಅಚ್ಚ ಕನ್ನಡದ ಮಾತು. ಚೆಲುವು, ಒಳ್ಳೆಯದು ಎರಡೂ ಅದರಲ್ಲಿವೆ. ‘ಚೆನ್ನಾಗಿದ್ದೀರಾ?’ ಅಂತ ದಿನಾ ಕೇಳುತ್ತೇವಲ್ಲ, ಅದೇ ಚೆನ್ನ. ಚಿನ್ನಮ್ಮ ಬೇರೆಯದೇ ಹೆಸರು. ತೆಲುಗು, ತಮಿಳಿನಲ್ಲಿ ‘ಚಿನ್ನ’ ಅಂದರೆ ಚಿಕ್ಕದು. ಇಂಗ್ಲಿಷಿನಲ್ಲಿ ಬರೆದಾಗ ಎರಡಕ್ಕೂ ಒಂದೇ ಅಕ್ಷರದ ವ್ಯತ್ಯಾಸ, ವೆಬ್‌ಸೈಟಿನವರು ಅಲ್ಲೇ ಎಡವಿರಬಹುದು.

ರಾಣಿಯ ವಿಷಯ. 1824ರ ಅಕ್ಟೋಬರಿನಲ್ಲಿ ಕಿತ್ತೂರಿನವರು ಕಂಪನಿ ಸೈನ್ಯವನ್ನು ಸೋಲಿಸಿದರು, ಧಾರವಾಡದ ಕಲೆಕ್ಟರ್ ಥ್ಯಾಕರೆ ಅಲ್ಲೇ ಸತ್ತ. ಅಲ್ಲಿಂದ ಹೆಸರಿನ ಕೀರ್ತಿ ಹೆಚ್ಚಿತು, ನಿಜ. ಆದರೆ ಹೆಸರು ಆಕೆಗಿಂತ ಎಷ್ಟೋ ಹಳೆಯದು. ಅದಕ್ಕೂ ನೂರಕ್ಕೂ ಹೆಚ್ಚು ವರ್ಷ ಮೊದಲೇ ಮಲೆನಾಡಿನಲ್ಲಿ ಕೆಳದಿ ಚೆನ್ನಮ್ಮ ರಾಜ್ಯ ಆಳಿದ್ದಳು. ಶಿವಾಜಿಯ ಮಗ ರಾಜಾರಾಮ ಮೊಘಲರಿಂದ ತಪ್ಪಿಸಿಕೊಂಡು ಬಂದಾಗ ಆಶ್ರಯ ಕೊಟ್ಟವಳು ಆಕೆ. ಔರಂಗಜೇಬನ ಸೈನ್ಯ ಬಂದರೂ ಬಗ್ಗಲಿಲ್ಲ. ಪುಣೆಯಲ್ಲಿ ಯಾರಾದರೂ ‘ಇದೆಂಥ ಹೆಸರು’ ಅಂದರೆ ಈ ಕತೆ ಹೇಳಿ, ಮರಾಠಿಗರಿಗೆ ಜಾಸ್ತಿ ವಿವರಿಸಬೇಕಾಗಿಲ್ಲ!

ಇನ್ನೂ ಹಿಂದೆ ಹೋದರೆ 12ನೇ ಶತಮಾನ. ಅಕ್ಕಮಹಾದೇವಿ ತನ್ನ ದೇವರನ್ನು ಕರೆದದ್ದೇ ಚೆನ್ನಮಲ್ಲಿಕಾರ್ಜುನ ಅಂತ. ಬರೀ ಮಲ್ಲಿಕಾರ್ಜುನ ಅಲ್ಲ, ಚೆಲುವ ಮಲ್ಲಿಕಾರ್ಜುನ. ವಚನದ ಕೊನೆಗೆ ಅದನ್ನು ಓದುವಾಗ ಭಕ್ತಿಯ ಜೊತೆ ಪ್ರೀತಿಯೂ ಕೇಳಿಸುತ್ತದೆ, ಅಲ್ವಾ? ಚೆನ್ನಬಸವಣ್ಣನೂ ಅದೇ ಕಾಲದವನು. ಲಿಂಗಾಯತ ಮನೆಗಳಲ್ಲಿ ಚೆನ್ನಮ್ಮ, ಚೆನ್ನವ್ವ, ಚೆನ್ನಬಸಪ್ಪ ಹೆಚ್ಚಾಗಿ ಕಾಣುವುದು ಇದರಿಂದಲೇ.

ಹಾಗಂತ ಅವರದೊಬ್ಬರದೇ ಸ್ವತ್ತಲ್ಲ. ಬೇಲೂರಿನ ಚೆನ್ನಕೇಶವ ವಿಷ್ಣು. ಅದೇ ಆವರಣದಲ್ಲಿ ಶಾಂತಲೆ ಕಟ್ಟಿಸಿದ ಗುಡಿಯ ದೇವರು ಕಪ್ಪೆ ಚೆನ್ನಿಗರಾಯ. ತುಳುನಾಡಿನ ಕೋಟಿ-ಚೆನ್ನಯರು ಬಿಲ್ಲವ ವೀರರು. ಚೆನ್ನಾಗಿರುವುದಕ್ಕೆ ಜಾತಿ ಎಲ್ಲಿಂದ ಬರಬೇಕು!

‘ಅಮ್ಮ’ ಸೇರಿದ್ದಕ್ಕೆ ಹೆದರಬೇಡಿ. ಈಗ ಅದು ಅಜ್ಜಿಯರ ಹೆಸರಿನಂತೆ ಕೇಳಿಸುತ್ತದೆ, ಅಷ್ಟೇ. ನಮ್ಮಲ್ಲಿ ತೊಟ್ಟಿಲ ಕೂಸನ್ನೂ ಅಮ್ಮ, ಅವ್ವ ಅಂತಲೇ ಕರೆಯುತ್ತಾರೆ. ಮನೆಯಲ್ಲಿ ಚೆನ್ನಿ, ಚೆನ್ನು ಅಂದರಾಯಿತು. ‘ಸ್ವಲ್ಪ ಮಾಡರ್ನ್ ಆಗಲಿ’ ಅಂತ ಸುಮ್ನೆ ಚೆನ್ವಿಕಾ, ಚೆನ್ನಿಶಾ ಮಾಡಲು ಮಾತ್ರ ಹೋಗಬೇಡಿ. ಅವಕ್ಕೆ ಅರ್ಥ ಹುಡುಕಿ ನನಗೇ ಪತ್ರ ಬರೆಯಬೇಕಾದೀತು.

ಕನ್ನಡದಲ್ಲಿ ಚೆನ್ನಮ್ಮ, ಚನ್ನಮ್ಮ ಎರಡೂ ರೂಢಿಯಲ್ಲಿವೆ. ಇಂಗ್ಲಿಷಿನಲ್ಲೂ Ch ಆದಮೇಲೆ ‘e’ ಹಾಕುವವರಿದ್ದಾರೆ, ‘a’ ಹಾಕುವವರಿದ್ದಾರೆ. ಜನನ ಪ್ರಮಾಣಪತ್ರ ಮಾಡಿಸುವ ಮೊದಲೇ ಒಂದನ್ನು ಆರಿಸಿ, ಆಧಾರ್‌ನಲ್ಲೂ ಶಾಲೆಯಲ್ಲೂ ಅದನ್ನೇ ಬರೆಸಿ.